ಏಳು ಕುಡಿಕೆಯ ಜಗಲಿ

ಮೊದಲು ಜಗಲಿಯ ಸಂಗತಿ ಹೇಳಿಬಿಡುತ್ತೇನೆ. ಅದನ್ನು ಹೇಳದೆ ನಿಮ್ಮನ್ನು ಊರೊಳಗೆ ಕರೆದುಕೊಂಡು ಹೋದರೆ ಹೊಸಿಲಲ್ಲೇ ಎಡವುತ್ತೀರಿ, ಆಮೇಲೆ ನನ್ನನ್ನು ಬಯ್ಯುತ್ತೀರಿ. ಜಗಲಿ ಎಂದರೆ ಒಂದೇ ಕಲ್ಲು. ನಾಲ್ಕು ಮೊಳ ಉದ್ದ, ಒಂದು ಮೊಳ ಅಗಲ, ಸೊಂಟದಷ್ಟು ಎತ್ತರ. ಅದರ ಮೈಮೇಲೆ ಏಳು ತಗ್ಗು. ಏಳು ತಗ್ಗಿನಲ್ಲಿ ಏಳು ಕುಡಿಕೆ ಕೂರುತ್ತವೆ. ಎಂಟನೆಯದು ಕೂರುವುದಿಲ್ಲ. ಇಷ್ಟೇ. ಕತೆಯೆಲ್ಲ ಈ ಎಂಟನೆಯ ಕುಡಿಕೆಯದು.

ಇನ್ನು ಊರು. ಅದಕ್ಕೆ ಹೆಸರಿತ್ತೋ ಇಲ್ಲವೋ, ಇದ್ದರೂ ಯಾರೂ ಕೂಗಿ ಕರೆದದ್ದಿಲ್ಲ. ಆ ಊರಿಗೊಂದು ಕಟ್ಟಳೆ. ಯಾರೂ ತಮ್ಮ ಕಸುಬನ್ನು ರಾತ್ರಿ ಮೈಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಸರು ಇಟ್ಟುಕೊಳ್ಳಬಹುದು, ಮಾತು ಇಟ್ಟುಕೊಳ್ಳಬಹುದು, ಮಕ್ಕಳ ಮೇಲಿನ ಮಮತೆ, ನಾದಿನಿಯ ಮೇಲಿನ ಮುನಿಸು, ಅವನ್ನೂ ಇಟ್ಟುಕೊಳ್ಳಬಹುದು. ಕೈ ಬಲ್ಲದ್ದನ್ನು ಮಾತ್ರ ಇಟ್ಟುಕೊಳ್ಳುವಂತಿಲ್ಲ. ಹೊತ್ತು ಇಳಿಯುವಾಗ ಎಲ್ಲರೂ ಗೂಡುಮನೆಗೆ ಬರಬೇಕು. ತಮ್ಮ ಕುಡಿಕೆಯ ಬಾಯಿಗೆ ಬಾಯಿ ಹಚ್ಚಿ, ಕಸುಬನ್ನು ಪಿಸುಗುಟ್ಟಿ ಒಳಗೆ ಬಿಡಬೇಕು. ಹೊತ್ತು ಹುಟ್ಟಿದಾಗ ಮತ್ತೆ ಬಂದು ಕಿವಿ ಹಚ್ಚಿ ಹಿಂದಕ್ಕೆ ಪಡೆಯಬೇಕು. ಕ್ಷೌರಿಕ ಕ್ಷೌರವನ್ನು, ಅಡುಗೆಯವಳು ಅಡುಗೆಯನ್ನು, ಗಾರೆಯವನು ಗಾರೆಯನ್ನು. ಸಂಜೆ ಬಿಡುವುದು, ಬೆಳಿಗ್ಗೆ ಪಡೆಯುವುದು. ಸಂಜೆ ಬಿಡುವುದು, ಬೆಳಿಗ್ಗೆ ಪಡೆಯುವುದು.

ಗೂಡುಮನೆಯಲ್ಲಿ ಎಪ್ಪತ್ತೆರಡು ಸಾಲು, ಸಾಲಿಗೆ ಹದಿನಾಲ್ಕು ಗೂಡು. ಲೆಕ್ಕದಲ್ಲಿ ಜಾಣರಾದವರು ಆಗಲೇ ಗುಣಿಸಿ ಮುಗಿಸಿರುತ್ತೀರಿ; ಸಾವಿರದ ಎಂಟು. ಬಾಗಿಲ ಪಕ್ಕದ ಗೋಡೆಯ ಮೇಲೆ ಸಾಲು ಸಾಲು ಗೂಟ, ಗೂಟಕ್ಕೊಂದು ಓಲೆ, ಓಲೆಯ ಮೇಲೆ ಒಬ್ಬರ ಹೆಸರು ಮತ್ತು ಅವರ ಕುಡಿಕೆ ಇರುವ ಗೂಡು. ಕುಡಿಕೆ ಗೂಡಿನಲ್ಲಿರಬೇಕು, ಇಲ್ಲವೇ ಜಗಲಿಯ ಮೇಲಿರಬೇಕು. ಜಗಲಿಯ ಮೇಲೆ ಕೂತರೆ ಮಾತ್ರ ಅದು ಬಾಯಿ ಬಿಡುತ್ತದೆ. ನೆಲಕ್ಕೆ ತಾಗಿತೋ, ಒಳಗಿದ್ದದ್ದನ್ನು ನೆಲ ಕುಡಿದುಬಿಡುತ್ತದೆ. ಹಾಗೆ ಕುಡಿದದ್ದಕ್ಕೆ ಸಾಕ್ಷಿ ಬೇಕೆ? ಗೂಡುಮನೆಯ ಹೊಸಿಲ ಮುಂದೆ ಒಂದು ಗೇಣು ಜಾಗದಲ್ಲಿ ಹುಲ್ಲು ಜಡೆ ಹೆಣೆದುಕೊಂಡೇ ಬೆಳೆಯುತ್ತಿತ್ತು, ಮೂರೆಳೆಯ ಅಚ್ಚುಕಟ್ಟಾದ ಜಡೆ. ಊರಿನ ಹೆಂಗಸರಿಗೆ ಮಾತ್ರ ಜಡೆ ಹಾಕುವುದು ಗೊತ್ತಿರಲಿಲ್ಲ.

ಗೂಡುಮನೆಯನ್ನು ನೋಡಿಕೊಳ್ಳುವವನು ಉಗ್ರಾಣಿ. ತಲೆ ನೆರೆತವನು, ನಲವತ್ತು ವರ್ಷ ಕುಡಿಕೆ ಎತ್ತಿ ಇಳಿಸಿದವನು. ಯಾವ ಗೂಡಿನಲ್ಲಿ ಯಾವ ಕುಡಿಕೆ ಎಂಬುದೇ ಅವನ ಕಸುಬು. ಅದು ಒಂದು ತಲೆಗೆ ಹಿಡಿಸುವ ಕಸುಬಲ್ಲವಾದ್ದರಿಂದ ಅವನ ಕುಡಿಕೆಗೆ ಗೂಡೇ ಇರಲಿಲ್ಲ. ಜಗಲಿಯ ಮೊದಲ ತಗ್ಗಿನಲ್ಲಿ ಅದು ಹಗಲೂ ರಾತ್ರಿ ಬಾಯಿ ತೆರೆದು ಕೂತಿರುತ್ತಿತ್ತು. ಅಂದರೆ ಊರಿಗೆ ಉಳಿದದ್ದು ಆರೇ ತಗ್ಗು. ಆರು ಜನ ಬನ್ನಿ, ಕಿವಿ ಹಚ್ಚಿ, ನಡೆಯಿರಿ. ಇನ್ನಾರು ಜನ ಬನ್ನಿ. ಬೆಳಗಿನ ಸಾಲು ಬೀದಿಯ ತುದಿ ಮುಟ್ಟುತ್ತಿತ್ತು.

ಆ ಊರಿನಲ್ಲಿ ಸಾರುವವನೊಬ್ಬನಿದ್ದ. ದಿನವೂ ಹೊತ್ತು ಹುಟ್ಟಿದೊಡನೆ ಎಲ್ಲರಿಗಿಂತ ಮೊದಲು ಕಸುಬು ಪಡೆದು, ತಮಟೆ ಬಡಿದುಕೊಂಡು ಬೀದಿಯಲ್ಲಿ ಹೀಗೆ ಸಾರುತ್ತಿದ್ದ: "ಬಾಗಿಲು ತೆರೆದದ್ದು ಇಂದಿಗೆ ಮೂವತ್ತನಾಲ್ಕು ಸಾವಿರದ ಮುನ್ನೂರ ಆರು ಸಲ. ಒಳಗೆ ನೋಡಿಕೊಂಡದ್ದು ಒಂದು ಸಲವೂ ಇಲ್ಲ. ನೋಡಿಕೊಳ್ಳುವುದು ಒಳ್ಳೆಯದು." ಮಾರನೆಯ ದಿನ ಮುನ್ನೂರ ಏಳು. ಅದರ ಮಾರನೆಯ ದಿನ ಮುನ್ನೂರ ಎಂಟು.

ಜನ ಕೇಳುತ್ತಿರಲಿಲ್ಲವೆಂದು ತಿಳಿಯಬೇಡಿ. ಭಕ್ತಿಯಿಂದ ಕೇಳುತ್ತಿದ್ದರು. ಅವನು ಸಾರಿದ ಮೇಲೇ ಒಲೆ ಹೊತ್ತಿಸುತ್ತಿದ್ದರು. ಮಗು ಅತ್ತರೆ ಅದೇ ಧಾಟಿಯಲ್ಲಿ ತೂಗುತ್ತಿದ್ದರು. ಎರಡು ದಿನ ಅವನಿಗೆ ಗಂಟಲು ಕಟ್ಟಿದಾಗ ಮನೆಮನೆಯಿಂದ ಮೆಣಸಿನ ಕಷಾಯ ಹೋಯಿತು. ವರ್ಷಕ್ಕೊಮ್ಮೆ ಹೊಸ ಪಂಚೆ ಹೊದಿಸಿ ವೀಳ್ಯ ಕೊಡುತ್ತಿದ್ದರು. ಸಾರುತ್ತಿದ್ದಾನಲ್ಲ, ಮತ್ತೇನು ಬೇಕು ಎನ್ನುವುದು ಊರಿನ ನಂಬಿಕೆ. ಎಚ್ಚರಿಕೆ ತಪ್ಪದೆ ನಡೆಯುತ್ತಿದ್ದರೆ ಕೆಲಸವೂ ನಡೆದ ಹಾಗೆಯೇ. ನಗಬೇಡಿ, ನಮ್ಮ ನಿಮ್ಮ ಮನೆಗಳಲ್ಲೂ ಇಂಥ ತಮಟೆಗಳಿವೆ.

ನೋಡಿಕೊಳ್ಳಲು ಒಮ್ಮೆ ಹೊರಟಿದ್ದರು ಕೂಡ, ಉಗ್ರಾಣಿಯ ತಾತನ ಕಾಲದಲ್ಲಿ. ನೋಡಬೇಕಾದರೆ ಎಲ್ಲ ಕುಡಿಕೆಗಳನ್ನೂ ಒಟ್ಟಿಗೆ ಹೊರಗಿಟ್ಟುಕೊಂಡು ಓಲೆಗೆ ತಾಳೆ ಹಾಕಬೇಕು ಎಂದು ಹಿರಿಯರು ಹೇಳಿದರು. ಜಗಲಿಯಲ್ಲಿ ಏಳು ಕೂತವು. ಮಿಕ್ಕವನ್ನು ತಲೆಯ ಮೇಲೆ, ಸೊಂಟದ ಮೇಲೆ, ಕಂಕುಳಲ್ಲಿ ಹಿಡಿದು ನಿಂತರು. ಯಾರೋ ಒಬ್ಬ ಸೀನಿದ. ಅಲ್ಲಿಗೆ ಮುಗಿಯಿತು. ಜಡೆ ಹೋದದ್ದು ಆಗಲೇ. ಶಿಳ್ಳೆ ಹೋದದ್ದು ಆಗಲೇ. ಅಂದಿನಿಂದ ನೋಡಿಕೊಳ್ಳುವ ಮಾತೆತ್ತಿದರೆ ಊರು ಕೈ ಮುಗಿಯುತ್ತಿತ್ತು: ಜಗಲಿ ಚಿಕ್ಕದು, ಗೂಡು ಬಹಳ, ಮುಟ್ಟಿದರೆ ಮುರಿಯುತ್ತದೆ.

ಈಗ ಸೂಲಗಿತ್ತಿಯ ಬಳಿಗೆ ಬರೋಣ. ಊರಿಗೆಲ್ಲ ಒಬ್ಬಳೇ ಸೂಲಗಿತ್ತಿ. ಅವಳಿಗೆ ಒಬ್ಬಳೇ ಮಗಳು, ತುಂಬಿದ ಬಸುರಿ. ಒಂದು ಮಧ್ಯಾಹ್ನ ಅವಳು ಮಗಳ ಹೊಟ್ಟೆ ಮುಟ್ಟಿ ನೋಡಿದಳು. ಕೂಸು ಅಡ್ಡ ಮಲಗಿದೆ. ಗಾಬರಿಯಾಗಲಿಲ್ಲ. ಅಡ್ಡ ಕೂಸನ್ನು ಹೊರಗಿನಿಂದಲೇ ನೀವಿ ನೀವಿ ತಲೆ ಕೆಳಗೆ ತರುವುದು ಅವಳ ಕೈಗೆ ಗೊತ್ತಿತ್ತು. ಆಗಲೇ ಹೊತ್ತು ವಾಲಿತ್ತು, ಕೈ ದಣಿದಿತ್ತು. ಬೆಳಿಗ್ಗೆ ಹೊಸ ಕೈಯಲ್ಲಿ ತಿರುಗಿಸುತ್ತೇನೆ, ಹೆದರಬೇಡ ಎಂದು ಮಗಳಿಗೆ ಹೇಳಿ ಗೂಡುಮನೆಗೆ ಹೋಗಿ ಕಸುಬು ಬಿಟ್ಟು ಬಂದಳು.

ಅವಳ ಹಳೆಯ ಓಲೆ ಹರಿದಿತ್ತು; ಉಗ್ರಾಣಿ ಹೊಸದು ಬರೆಯುವಾಗಲೇ ಒಂದು ಗಾಳಿ ಬೀಸಿ ದೀಪ ಆರಿತು. ಉಗ್ರಾಣಿಯ ಒಂದು ಕೈಯಲ್ಲಿ ಕುಡಿಕೆ, ಇನ್ನೊಂದರಲ್ಲಿ ಓಲೆ. ಕತ್ತಲಲ್ಲಿ ಕೈಗೆ ಸಿಕ್ಕ ಗೂಡಿಗೆ ಕುಡಿಕೆ ಇಟ್ಟ. ದೀಪ ಬಂದಾಗ ಓಲೆಯ ಮೇಲೆ ಬೇರೆಯದೇ ಗೂಡು ಬರೆದಿತ್ತು. ಬರೆದದ್ದನ್ನು ನಂಬುವುದು ಅವನ ಧರ್ಮ, ನಂಬಿದ.

ಬೆಳಿಗ್ಗೆ ಸೂಲಗಿತ್ತಿ ಕಿವಿ ಹಚ್ಚಿದಳು. ಒಳಗಿನಿಂದ ಬಂದದ್ದು ಸುಣ್ಣ, ಮರಳು, ಬೆಲ್ಲದ ನೀರು. ಏನೋ ಜುಮ್ಮೆಂದಿತು, ಸಾಲು ಹಿಂದಿನಿಂದ ತಳ್ಳಿತು, ಮನೆಗೆ ಬಂದಳು. ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಅಂಗೈ ಹೇಳಿತು: ಗೋಡೆ ಎರಡು ಬೆರಳು ವಾಲಿದೆ, ತೂಕದ ಗುಂಡು ಬಿಟ್ಟು ನೋಡು. ಮತ್ತೆ ಇಟ್ಟಳು. ಹೊಟ್ಟೆಯೊಳಗೆ ಕೂಸು ಒದೆಯಿತು; ಅಂಗೈ ಹೇಳಿತು: ಗಾರೆ ಇನ್ನೂ ಹಸಿ ಇದೆ. ಸೂಲಗಿತ್ತಿ ಕೈ ಹಿಂದಕ್ಕೆ ಎಳೆದುಕೊಂಡಳು. ಮಗಳು ಏನಾಯಿತಮ್ಮಾ ಎಂದು ಕೇಳಿದ್ದಕ್ಕೆ ಏನಿಲ್ಲ, ಕೈ ತಣ್ಣಗಿದೆ ಎಂದು ಸುಳ್ಳು ಹೇಳಿದಳು.

ಅದೇ ಹೊತ್ತಿಗೆ ಬೀದಿಯ ಕೊನೆಯಲ್ಲಿ ಗಾರೆಯವನು ಅರ್ಧ ಎಬ್ಬಿಸಿದ ಗೋಡೆಯ ಮುಂದೆ ಬೆಪ್ಪಾಗಿ ನಿಂತಿದ್ದ. ಅವನ ಕಸುಬಿನಲ್ಲೂ ಅರ್ಧವೇ ಬಂದಿತ್ತು. ಇಬ್ಬರ ಓಲೆ, ಒಂದೇ ಕುಡಿಕೆ.

ಸೂಲಗಿತ್ತಿ ಉಗ್ರಾಣಿಯ ಮುಂದೆ ಹೋಗಿ ನಿಂತಳು. ಅವನು ಓಲೆ ನೋಡಿದ, ಗೂಡು ನೋಡಿದ, ತನ್ನ ಕುಡಿಕೆಗೆ ಕಿವಿ ಹಚ್ಚಿದ. ಅವಳ ಕುಡಿಕೆ ಎಲ್ಲಿದೆಯೆಂದು ಕುಡಿಕೆಗೂ ಗೊತ್ತಿರಲಿಲ್ಲ. ಸಾವಿರದ ಎಂಟರಲ್ಲಿ ಎಲ್ಲೋ ಇದೆ ತಂಗಿ, ಒಂದೊಂದನ್ನೇ ತೆಗೆದು ಬಾಯಿ ಬಿಡಿಸಿದರೆ ಎಷ್ಟು ದಿನವೋ ಎಂದು ತಲೆ ಮೇಲೆ ಕೈ ಹೊತ್ತ. ಮಗಳಿಗೆ ನಾಳೆಯೋ ನಾಡಿದ್ದೋ ನೋವು ಬರುತ್ತದೆ, ಅಡ್ಡ ಕೂಸು ಅಡ್ಡವೇ ಬಂದರೆ ಇಬ್ಬರೂ ಉಳಿಯುವುದಿಲ್ಲ ಎಂದು ಅವಳು ಹೇಳಿದಳು. ಹೇಳುವಾಗ ಅವಳ ದನಿ ನಡುಗಲಿಲ್ಲವಂತೆ. ಅರ್ಧ ಗಾರೆಯವಳಾಗಿದ್ದಳಲ್ಲ, ಅಡಿಪಾಯ ಗಟ್ಟಿಯಿತ್ತು.

ಅಲ್ಲಿಂದ ಸಾರುವವನ ಮನೆಗೆ ಹೋದಳು. ಮುನ್ನೂರು ನಾನೂರು ಸಲವಲ್ಲ, ಮೂವತ್ತನಾಲ್ಕು ಸಾವಿರ ಸಲ ನೋಡಿಕೊಳ್ಳಿ ನೋಡಿಕೊಳ್ಳಿ ಎಂದ ಮನೆತನ ಅದು. ಹೇಗೆ ನೋಡಿಕೊಳ್ಳಬೇಕು ಎಂದು ಕೇಳಿದಳು. ಸಾರುವವನು ತಮಟೆ ಕೆಳಗಿಟ್ಟು ಅವಳ ಮುಖವನ್ನೇ ನೋಡಿದ.

"ನಮ್ಮಪ್ಪನ್ನೂ ಯಾರೂ ಇದು ಕೇಳಿಲ್ಲ ತಾಯಿ, ನನ್ನೂ ಕೇಳಿಲ್ಲ," ಎಂದ. "ಸಾರೋದು ನನ್ನ ಕುಡಿಕೇಲಿದೆ. ನೋಡೋದು ಇಲ್ಲ."

ಪಾಪ, ಅವನ ಕಣ್ಣಲ್ಲಿ ನೀರು ಬಂತು. ಅವಳು ಅವನನ್ನು ಸಮಾಧಾನ ಮಾಡಿ ಬೀದಿಗಿಳಿದಳು. ಎದುರುಮನೆಯ ಕಟ್ಟೆಯಲ್ಲಿ ಇಬ್ಬರು ಮುದುಕಿಯರು ಅಳಗುಳಿಮಣೆ ಆಡುತ್ತಿದ್ದರು. ಮಣೆಯ ಈಚೆಗೆ ಏಳು ಗುಳಿ, ಆಚೆಗೆ ಏಳು ಗುಳಿ, ಹುಣಸೆಬೀಜ ಒಂದರಿಂದ ಒಂದಕ್ಕೆ ಟಕಟಕ ಎಂದು ನಡೆಯುತ್ತಿತ್ತು. ಸೂಲಗಿತ್ತಿ ನಿಂತಳು. ಅವಳೊಳಗಿನ ಸೂಲಗಿತ್ತಿಯಾಗಿದ್ದರೆ ನಿಲ್ಲುತ್ತಿರಲಿಲ್ಲ. ನಿಂತದ್ದು ಅವಳೊಳಗಿನ ಗಾರೆಯವನು. ಹದಿನಾಲ್ಕು ಗುಳಿ. ಸಾಲಿಗೆ ಹದಿನಾಲ್ಕು ಗೂಡು. ಅಯ್ಯಾ, ಈ ಗಳಿಗೆಯನ್ನು ನೆನೆದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ! ತಪ್ಪಿ ಬಂದ ಕಸುಬೇ ತಪ್ಪನ್ನು ಹಿಡಿಯುವ ದಾರಿ ತೋರಿಸಿತು.

ಅವಳು ಓಡಿಯೇ ಗೂಡುಮನೆಗೆ ಬಂದಳು. "ಅಣ್ಣಾ, ಗೋಡೆ ಅಳೆಯೋಕೆ ಗೋಡೇನೇ ಹೊತ್ಕೊಂಡು ಬರ್ತಾರಾ? ದಾರ ತರ್ತಾರೆ. ಕುಡಿಕೆ ಯಾಕೆ ಹೊರಗೆ ತೆಗೀಬೇಕು? ಕುಡಿಕೆ ಬದಲು ಒಂದು ಬೀಜ ಇಡು."

ಉಗ್ರಾಣಿ ಎದ್ದ, ಕೂತ, ಮತ್ತೆ ಎದ್ದ. ಅವಳು ಬಿಡಿಸಿ ಹೇಳಿದಳು. ಸಾಲಿಗೊಂದು ಮಣೆ, ಗೂಡಿಗೊಂದು ಗುಳಿ. ಎಪ್ಪತ್ತೆರಡು ಮನೆಗಳಿಂದ ಎಪ್ಪತ್ತೆರಡು ಮಣೆ ಬೀದಿಯಲ್ಲಿ ಸಾಲಾಗಿ ಇಡುವುದು. ಒಂದೊಂದೇ ಓಲೆ ಓದುವುದು, ಅದು ಹೇಳಿದ ಗುಳಿಗೆ ಒಂದು ಬೀಜ ಹಾಕುವುದು. ಒಂದು ಬೀಜ ಬಿದ್ದ ಗುಳಿ ಸರಿ. ಎರಡು ಬಿದ್ದರೆ ಒಂದು ಕುಡಿಕೆಗೆ ಇಬ್ಬರು ಒಡೆಯರು. ಬೀಜವೇ ಬೀಳದ ಗುಳಿಯ ಗೂಡಿನಲ್ಲಿ ಕುಡಿಕೆ ಇದ್ದರೆ ಅದು ಒಡೆಯರಿಲ್ಲದ ಕುಡಿಕೆ. ಅದನ್ನಷ್ಟೇ ಜಗಲಿಗೆ ತಂದು ಕೇಳುವುದು. ಜಗಲಿ ಚಿಕ್ಕದಾದರೇನು, ಬೀದಿ ಉದ್ದವಿದೆ.

ಉಗ್ರಾಣಿ ನಕ್ಕ. ನಲವತ್ತು ವರ್ಷದಲ್ಲಿ ಗೂಡುಮನೆಯೊಳಗೆ ಯಾರೂ ಕೇಳಿರದ ಸದ್ದು ಅದು. ಆದರೆ ನಗು ಮುಗಿದ ಮೇಲೆ ಒಂದು ಮಾತು ಹೇಳಿದ. ಓಲೆ ಓದುತ್ತಿರುವಾಗ ಬಾಗಿಲಲ್ಲಿ ಜನ ಕುಡಿಕೆ ಬಿಡುವುದು ಪಡೆಯುವುದು ಮಾಡುತ್ತಿದ್ದರೆ ಬೀಜ ಸುಳ್ಳಾಗುತ್ತದೆ. ಒಂದು ಇಡೀ ಹಗಲು ಬಾಗಿಲು ಮುಚ್ಚಬೇಕು. ಊರೆಲ್ಲ ಒಂದು ದಿನ ಕಸುಬಿಲ್ಲದೆ ಇರಬೇಕು. ಯಜಮಾನರು ಒಪ್ಪುವುದುಂಟೇ?

ಊರ ಯಜಮಾನನ ಕಸುಬು ಒಪ್ಪಿಸುವುದು. ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ, ಎರಡಕ್ಕೂ ಅವನ ಬಳಿ ಮೂರು ಮೂರು ಕಾರಣ. ಸೂಲಗಿತ್ತಿ ಅಂದೇ ಹೋಗಿ ಕೇಳಿದಳು. ಅವನು ಅವಳನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಬಾಗಿಲು ಮುಚ್ಚುವುದು ಊರಿಗೆ ಅಪಶಕುನವೆಂದೂ, ಸಾರುವವನು ಸಾರುತ್ತಲೇ ಇದ್ದಾನೆಂದೂ, ಕೂಸುಗಳು ಎಷ್ಟೋ ಸಲ ತಾವಾಗಿ ತಿರುಗುತ್ತವೆಂದೂ ಎಷ್ಟು ಚಂದ ಹೇಳಿದನೆಂದರೆ ಅವಳು ತಲೆಯಾಡಿಸುತ್ತ ಹೊರಗೆ ಬಂದು, ಬೀದಿಯ ತಿರುವಿನಲ್ಲಿ ನಿಂತು, ನಾನು ಯಾಕೆ ತಲೆಯಾಡಿಸಿದೆ ಎಂದು ತನ್ನನ್ನೇ ಬೈದುಕೊಂಡಳು.

ಆಗ ಅವಳಿಗೊಂದು ಉಪಾಯ ಹೊಳೆಯಿತು. ಆ ಊರಿನವರಿಗೆ ಮಾತ್ರ ಹೊಳೆಯಬಹುದಾದದ್ದು. ಸಂಜೆಯವರೆಗೆ ಕಾದಳು. ಯಜಮಾನ ಗೂಡುಮನೆಗೆ ಬಂದು, ತನ್ನ ಕುಡಿಕೆಗೆ ಬಾಯಿ ಹಚ್ಚಿ, ಒಪ್ಪಿಸುವ ಕಸುಬನ್ನೆಲ್ಲ ಪಿಸುಗುಟ್ಟಿ ಒಳಗೆ ಬಿಟ್ಟು, ಬಾಯಿ ಒರೆಸಿಕೊಂಡು ತಿರುಗಿದಾಗ ಎದುರಿಗೆ ನಿಂತು ಅದೇ ಮಾತು ಕೇಳಿದಳು. ಯಜಮಾನ ಬಾಯಿ ತೆರೆದ. ಮೊದಲನೆಯ ಕಾರಣ ಬರಲಿಲ್ಲ. ಎರಡನೆಯದು ಮೊದಲೇ ಬಂದು ನಾಲಿಗೆಗೆ ಸಿಕ್ಕಿಕೊಂಡಿತು. ಸಾಲಿನಲ್ಲಿ ಯಾರೋ, ಯಜಮಾನ್ರಿಗೆ ಒಂದು ಲೋಟ ನೀರು ಕೊಡ್ರಪ್ಪ ಎಂದರು.

"ಮಗಳು... ಅಡ್ಡ ಅಂದೆಯಾ?" ಎಂದ ಯಜಮಾನ.

"ಅಡ್ಡ ಯಜಮಾನ್ರೇ."

"ಹಾಗಾದ್ರೆ... ಆಗಲಿ, ಮುಚ್ಚಿ."

ಕಸುಬು ಬಿಟ್ಟರೆ ಅವನೂ ಒಳ್ಳೆಯವನೇ, ಏನು ಮಾಡುತ್ತೀರಿ.

ಮಾರನೆಯ ಬೆಳಿಗ್ಗೆ ಕಸುಬು ಪಡೆಯುವವರಿಗೆ ಬಾಗಿಲು ತೆರೆಯಲಿಲ್ಲ. ಆ ಹಗಲಿನ ಅಂದ ನಾನು ಎಷ್ಟು ಹೇಳಿದರೂ ಸಾಲದು. ಊರಿನಲ್ಲಿ ಯಾರಿಗೂ ಏನೂ ಬಾರದು! ಅಡುಗೆಯವಳು ಅವಲಕ್ಕಿಗೆ ಬೆಲ್ಲ ಕಲಸಿ, ಕಲಸಿದ್ದು ತಾನೇ ಎಂದು ಹಿಗ್ಗಿದಳು. ಕ್ಷೌರಿಕ ತನ್ನ ಗಡ್ಡವನ್ನೇ ನೀವಿಕೊಂಡು ಇದೇನಿದು ಎಂದು ಕೇಳಿದ. ಸಾರುವವನು ತಮಟೆಯನ್ನು ಯಾವ ಕಡೆಯಿಂದ ಹಿಡಿಯಬೇಕೋ ತಿಳಿಯದೆ ಅದರ ಮೇಲೆ ಕಡಲೆಕಾಯಿ ಸುರಿದುಕೊಂಡು ತಿಂದ. ಮನೆಮನೆಯಿಂದ ಮಣೆಗಳು ಬಂದವು. ಹಲಸಿನ ಮರದ ಮಣೆ, ಮೀನಿನಾಕಾರದ ಮಣೆ, ಅಜ್ಜಿಯ ಬಳುವಳಿಯ ಹಿತ್ತಾಳೆ ಕಟ್ಟಿನ ಮಣೆ. ಗೂಡುಮನೆಯ ಬಾಗಿಲಿನಿಂದ ಬೀದಿಯ ಕೊನೆಯವರೆಗೆ ಎಪ್ಪತ್ತೆರಡು. ಪ್ರತಿ ಮಣೆಗೆ ಒಬ್ಬಳು ಹೆಂಗಸು, ಮಡಿಲಲ್ಲಿ ಹುಣಸೆಬೀಜ. ಬೀಜ ಹೆಕ್ಕಲು ಬರುವ ಕೋಳಿ ಅಳಿಲು ಓಡಿಸಲು ಕೈಯಲ್ಲಿ ಬೇವಿನ ಸೊಪ್ಪು ಹಿಡಿದ ಗಂಡಸರು. ಅದಕ್ಕೆ ಕಸುಬು ಬೇಡವಲ್ಲ.

ಒಳಗೆ ಉಗ್ರಾಣಿ ಓಲೆ ತೆಗೆದು ಓದುವನು. ಹೊಸಿಲಲ್ಲಿ ನಿಂತ ಸೂಲಗಿತ್ತಿ ಕೂಗುವಳು. ಬೀದಿಯಲ್ಲಿ ಬೀಜ ಬೀಳುವುದು. ಓಲೆ ನೋಡು, ಗೂಡು ಕೂಗು, ಬೀಜ ಇಡು. ಹನ್ನೆರಡನೆಯ ಮಣೆ, ಐದನೆಯ ಗುಳಿ. ಟಕ್. ಅರವತ್ತನೆಯ ಮಣೆ, ಒಂಬತ್ತನೆಯ ಗುಳಿ. ಟಕ್. ಓಲೆ ನೋಡು, ಗೂಡು ಕೂಗು, ಬೀಜ ಇಡು. ಜಗಲಿ ಖಾಲಿಯಾಗಿಯೇ ಇತ್ತು. ಉಗ್ರಾಣಿಯ ಕುಡಿಕೆಯೊಂದೇ ಮೊದಲ ತಗ್ಗಿನಲ್ಲಿ ಕೂತು ಆಕಳಿಸುತ್ತಿತ್ತು.

ನೆತ್ತಿಯ ಮೇಲೆ ಹೊತ್ತು ಬಂದಾಗ ಕೊನೆಯ ಓಲೆ ಮುಗಿಯಿತು. ಆ ಹೊತ್ತಿಗೇ ಸೂಲಗಿತ್ತಿಯ ಮನೆಯಿಂದ ಸುದ್ದಿ ಬಂತು: ಮಗಳಿಗೆ ನೋವು ಶುರುವಾಗಿದೆ. ಸೂಲಗಿತ್ತಿ ಹೊಸಿಲು ಬಿಡಲಿಲ್ಲ. ಬರಿಗೈ ಹೊತ್ತು ಹೋಗಿ ಏನು ಮಾಡಲಿ ಎಂದಳು. ದೀಪ ಹಚ್ಚುವ ಹೊತ್ತಿನವರೆಗೆ ತಡೆದೀತು, ಅದರಾಚೆಗೆ ಇಲ್ಲ. ಅದು ಕಸುಬಿನ ಮಾತಲ್ಲ, ತಾಯಿಯ ಅಂದಾಜು.

ಗುಳಿಗಳನ್ನು ನೋಡಿದರು. ಎರಡು ಬೀಜದ ಗುಳಿ ಹದಿಮೂರು. ಬೀಜವಿಲ್ಲದ ಗುಳಿಗಳ ಗೂಡು ತಡಕಿದಾಗ ಕುಡಿಕೆ ಸಿಕ್ಕಿದ್ದು ಹತ್ತೊಂಬತ್ತು. ಅಂದರೆ ಹದಿಮೂರಕ್ಕೆ ಊರಿನಲ್ಲೇ ಒಡೆಯರಿದ್ದಾರೆ, ಆರಕ್ಕೆ ಯಾರೂ ಇಲ್ಲ. ಯಾವುದು ಯಾವುದೆಂದು ಕೇಳಿಯೇ ತಿಳಿಯಬೇಕು. ಮೊದಲ ಸಾಲಿನಿಂದ ಶುರುಮಾಡಿದರು.

ಕೇಳುತ್ತ ಹೋದ ಹಾಗೆ ಬೀದಿಯಲ್ಲಿ ನಗೆಯ ಮೇಲೆ ನಗೆ. ಬುಟ್ಟಿ ಹೆಣೆಯುವವನೂ ಬಟ್ಟೆ ಹೊಲಿಯುವ ಚಿಪ್ಪಿಗನೂ ಎಷ್ಟೋ ವರ್ಷದಿಂದ ಒಂದೇ ಕುಡಿಕೆಗೆ ಕಿವಿ ಹಚ್ಚುತ್ತಿದ್ದರಂತೆ! ಆ ಊರಿನ ಬುಟ್ಟಿಗಳಿಗೆ ಗುಂಡಿ ಯಾಕಿರುತ್ತಿತ್ತು, ರವಿಕೆಗಳಿಗೆ ಹಿಡಿ ಯಾಕಿರುತ್ತಿತ್ತು ಎಂದು ಆವತ್ತು ಗೊತ್ತಾಯಿತು. ಊರು ಅದನ್ನೇ ಸೊಗಸೆಂದುಕೊಂಡಿತ್ತು. ಒಡೆಯ ಸಿಕ್ಕ ಕುಡಿಕೆಗೆ ಹೊಸ ಓಲೆ ಬರೆದು, ಬೀಜ ಸರಿಸಿ, ಗೂಡಿಗೆ ಕಳಿಸಿದರು. ಒಡೆಯರಿಲ್ಲದ್ದು ಮಾತ್ರ ಜಗಲಿಯಲ್ಲೇ ಉಳಿಯಿತು. ಬಾಯಿ ಬಿಟ್ಟ ಕುಡಿಕೆ ಓಲೆಯಿಲ್ಲದೆ ಗೂಡಿಗೆ ಹಿಂದಿರುಗುವಂತಿಲ್ಲ, ಕೈಯಲ್ಲಿ ಹಿಡಿದರೂ ನಿಲ್ಲದೆ ನೆಲಕ್ಕೇ ಜಾರುತ್ತದೆ, ಹೆಸರಿಲ್ಲದ ಓಲೆ ಗೂಟದ ಮೇಲೆ ನಿಲ್ಲುವುದಿಲ್ಲ, ಒಬ್ಬರಿಗೆ ಎರಡು ಕುಡಿಕೆ ಇರುವಂತಿಲ್ಲ. ಒಂದರಲ್ಲಿ ಗುನುಗಿ ಜೇನ್ನೊಣ ಒಲಿಸುವ ವಿದ್ಯೆ ಇತ್ತು. ಒಂದರಲ್ಲಿ ಒಂದೇ ಕೈಯಿಂದ ಪೇಟ ಸುತ್ತುವುದು. ಇನ್ನೊಂದರಲ್ಲಿ ಬಾವಿ ತೋಡುವ ಮುಂಚೆ ನೀರಿನ ಸದ್ದು ಹಿಡಿಯುವುದು. ಮಿಕ್ಕವು ಏನೆಂದು ಗುರುತೇ ಸಿಗಲಿಲ್ಲ. ಎಲ್ಲ ಯಾರೋ ಎಂದೋ ಸತ್ತವರದು. ಉಗ್ರಾಣಿ ಪ್ರತಿಯೊಂದಕ್ಕೂ ಕಣ್ಣು ಮುಚ್ಚಿ ಕಿವಿ ಹಚ್ಚಿ, ಕಸುಬು ಮೈಗೆ ಇಳಿಯುವ ಮುಂಚೆಯೇ ತೆಗೆದುಬಿಡುತ್ತಿದ್ದ, ಮುಖದಲ್ಲಿ ಹಬ್ಬ.

ಹದಿನೆಂಟು ಕೇಳಿ ಮುಗಿಯಿತು. ಹನ್ನೆರಡು ಗೂಡು ಸೇರಿದವು. ಆರು ಜಗಲಿಯ ಮೇಲೆ ಕೂತವು. ಉಗ್ರಾಣಿಯದೂ ಸೇರಿ ಏಳು. ಜಗಲಿ ತುಂಬಿತು.

ಉಳಿದದ್ದು ಒಂದೇ ಕುಡಿಕೆ. ಉಳಿದ ಒಡೆಯಳು ಒಬ್ಬಳೇ. ಕೇಳಿ ತಿಳಿಯುವ ಅಗತ್ಯವೇ ಇರಲಿಲ್ಲ. ಎಪ್ಪತ್ತೊಂದನೆಯ ಮಣೆಯ ಮೂರನೆಯ ಗುಳಿ ಬರಿದಾಗಿ ಬಾಯಿ ತೆರೆದುಕೊಂಡಿತ್ತು. ಆದರೆ ಕುಡಿಕೆ ಬಾಯಿ ಬಿಡಲು ಜಗಲಿ ಬೇಕು. ಜಗಲಿಯಲ್ಲಿ ಏಳು. ಎಂಟನೆಯದು ಕೂರುವುದಿಲ್ಲ.

ಬಿಸಿಲು ಗೋಡೆ ಹತ್ತಿತ್ತು. ಸೂಲಗಿತ್ತಿಯ ಮನೆಯಿಂದ ಮಗಳ ಕೂಗು ಬೀದಿಗೂ ಕೇಳಿಸಿತು. ಬೀಜ ಹಿಡಿದ ಹೆಂಗಸರೆಲ್ಲ ಆ ಕಡೆಗೆ ತಿರುಗಿದರು. ಯಜಮಾನ ಮುಂದೆ ಬಂದು, ಕಾರಣ ಗೀರಣ ಇಲ್ಲದೆ, ಸತ್ತವರದೊಂದು ಕೆಳಗಿಡಪ್ಪ, ಬದುಕೋರು ಬದುಕಲಿ ಎಂದ. ಬೀದಿಯಲ್ಲಿ ಎಲ್ಲರ ಮನಸ್ಸಲ್ಲೂ ಇದ್ದ ಮಾತೇ ಅದು. ಸೂಲಗಿತ್ತಿ ಏನೂ ಹೇಳಲಿಲ್ಲ. ಹೇಳಲಾರಳು, ಅವಳು ಹೇಳಿದರೆ ಅದೇ ಆಗುತ್ತಿತ್ತು.

ಉಗ್ರಾಣಿ ಆರು ಕುಡಿಕೆಗಳನ್ನು ಒಂದೊಂದಾಗಿ ಮುಟ್ಟಿದ. "ಇಷ್ಟು ವರ್ಷ ಇವರನ್ನ ಯಾರೂ ಕೇಳಿರಲಿಲ್ಲ ಯಜಮಾನ್ರೇ. ಇವತ್ತು ಕೇಳಿದೀವಿ. ಕೇಳಿದ ಮೇಲೆ ಚೆಲ್ಲೋದು ಹೇಗೆ?"

ಆಮೇಲೆ ಸೂಲಗಿತ್ತಿಯ ಕಡೆ ತಿರುಗಿದ. ನಿನ್ನ ಕುಡಿಕೆ ಎಲ್ಲಿದೆ ತಂಗಿ ಎಂದು ಕೇಳಿದ. ಎಪ್ಪತ್ತೊಂದನೆಯ ಸಾಲು, ಮೂರನೆಯ ಗೂಡು ಎಂದಳು. ನಾನಿಲ್ಲದೆ ಹೋಗಿ ತರುತ್ತೀಯಾ ಎಂದ. ಯಾಕೆ ಕೇಳುತ್ತಾನೆಂದು ಅವಳಿಗೆ ತಿಳಿಯಲಿಲ್ಲ. ಎಣಿಸಿಕೊಂಡು ಹೋಗಿ ತರುತ್ತೇನೆ ಎಂದಳು. ಉಗ್ರಾಣಿ ಬಾಗಿಲಾಚೆಗೆ ಬೀದಿಯುದ್ದಕ್ಕೂ ನೋಡಿದ. ಎಪ್ಪತ್ತೆರಡು ಮಣೆ, ಗುಳಿಗೊಂದು ಬೀಜ, ಇಳಿಬಿಸಿಲಲ್ಲಿ ಒಂದೊಂದು ಬೀಜವೂ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು.

"ನನ್ನ ಕುಡಿಕೇಲಿ ಇರೋದು ಇಷ್ಟೇ ಕಣವ್ವಾ. ಈಗ ಅದು ಬೀದೀಲಿದೆ," ಎಂದ.

ಎಂದವನೇ ಮೊದಲ ತಗ್ಗಿನಿಂದ ತನ್ನ ಕುಡಿಕೆಯನ್ನು ಎತ್ತಿ, ಮಗುವನ್ನು ಚಾಪೆಯ ಮೇಲೆ ಮಲಗಿಸುವ ಹಾಗೆ ಬಗ್ಗಿ, ನೆಲದ ಮೇಲೆ ಇಟ್ಟ. ನೆಲ ಗುಟುಕ್ ಎಂದಿತು. ಅಷ್ಟೇ ಸದ್ದು. ಉಗ್ರಾಣಿ ಎದ್ದು ನಿಂತು ಸುತ್ತಲೂ ನೋಡಿದ. ಅಬ್ಬಾ, ಎಷ್ಟೊಂದು ಗೂಡು, ಇದೆಲ್ಲ ಯಾರು ನೋಡಿಕೊಳ್ಳುತ್ತಾರೋ ಎಂದು ಬೆರಗಾದ. ನೋಡಿದವರು ಹೇಳುವಂತೆ ಆ ಮುಖದಲ್ಲಿ ದುಃಖವಿರಲಿಲ್ಲ. ಭಾರ ಇಳಿಸಿದ ಎತ್ತಿನ ಕಣ್ಣು ಹೇಗಿರುತ್ತದೆ, ಹಾಗೆ.

ಸೂಲಗಿತ್ತಿ ಎಣಿಸುತ್ತ ಓಡಿದಳು. ಎಪ್ಪತ್ತೊಂದನೆಯ ಸಾಲು. ಒಂದು, ಎರಡು, ಮೂರು. ಕುಡಿಕೆಯನ್ನು ಎದೆಗವಚಿ ತಂದು ಬರಿದಾದ ತಗ್ಗಿನಲ್ಲಿ ಕೂರಿಸಿ ಕಿವಿ ಹಚ್ಚಿದಳು. ಬಂತು. ಹರಳೆಣ್ಣೆಯ ವಾಸನೆಯೊಂದಿಗೆ ಬಂತು, ಬಿಸಿನೀರಿನ ಹಬೆಯೊಂದಿಗೆ ಬಂತು, ಅವಳ ಹತ್ತು ಬೆರಳಿಗೂ ಬಂತು. ಕೈಗಳನ್ನು ಮುಂದಕ್ಕೆ ಚಾಚಿಕೊಂಡು, ಯಾವುದಕ್ಕೂ ತಾಗಿಸದೆ, ಮಣೆಗಳ ಪಕ್ಕದಲ್ಲೇ ಅವಳು ಮನೆಗೆ ಓಡಿದ್ದನ್ನು ಊರು ಇಂದಿಗೂ ಹೇಳುತ್ತದೆ. ಒಂದು ಬೀಜವೂ ಅಲುಗಲಿಲ್ಲವಂತೆ.

ಒಳಗೆ ಏನು ನಡೆಯಿತೋ ಗಂಡಸರಿಗೆ ಗೊತ್ತಿಲ್ಲ. ಹೊರಗೆ ಇಡೀ ಬೀದಿ ಉಸಿರು ಹಿಡಿದು ಕಾದಿತ್ತು. ಮೊದಲ ದೀಪ ಹಚ್ಚುವ ಹೊತ್ತಿಗೆ ಕೂಸಿನ ಅಳು ಕೇಳಿಸಿತು. ಅದರ ಹಿಂದೆಯೇ ಮಗಳ ನಗು. ಅದರ ಹಿಂದೆ ಎಪ್ಪತ್ತೆರಡು ಮಣೆಯ ಹೆಂಗಸರ ಗದ್ದಲ, ಅದನ್ನು ನೀವೇ ಊಹಿಸಿಕೊಳ್ಳಿ.

ಬೆಳಿಗ್ಗೆ ಗೂಡುಮನೆಯ ಬಾಗಿಲು ತೆರೆದವರು ಮಣೆಯ ಹೆಂಗಸರು. ಯಾರ ಕುಡಿಕೆ ಎಲ್ಲಿ ಎಂದು ಓಲೆ ಓದಿ, ಬೀದಿಯ ಬೀಜಕ್ಕೆ ತಾಳೆ ನೋಡಿ ಹೇಳಿದರು, ಒಂದೂ ತಪ್ಪಲಿಲ್ಲ. ಆದರೆ ಉಗ್ರಾಣಿ? ಊರಿನಲ್ಲಿ ಕುಡಿಕೆಯಿಲ್ಲದವನು ಈಗ ಅವನೊಬ್ಬನೇ. ಒಬ್ಬರಿಗೆ ಒಂದು ಕುಡಿಕೆ ಎಂಬ ಕಟ್ಟಳೆ ಅವನಿಗೆ ಅಡ್ಡಬರುವುದಿಲ್ಲ. ಜಗಲಿಯ ಮೇಲಿನ ಆರರಲ್ಲಿ ಬೇಕಾದ್ದನ್ನು ತೆಗೆದುಕೋ ಅಣ್ಣಾ ಎಂದರು. ಅವನು ಆರಿಸಲೂ ಇಲ್ಲ. ಹತ್ತಿರವಿದ್ದದ್ದಕ್ಕೆ ಕಿವಿ ಹಚ್ಚಿದ. ಬಹಳ ಹೊತ್ತು ಹಚ್ಚಿದ. ಆಮೇಲೆ ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಬೀದಿ ದಾಟಿ ನಡೆದ. ಏನು ಬಂತು ಎಂದು ಕೇಳಿದವರಿಗೆ ಗೊತ್ತಿಲ್ಲ, ತೋಳಿಗೆ ಬಂದಿದೆ, ಬಾಯಿಗೆ ಬಂದಿಲ್ಲ ಎಂದ. ಊರು ಅವನ ಹಿಂದೆ ಹೋಯಿತು.

ಊರಾಚೆಗೆ ಕೆರೆ. ದನ ನೀರು ಕುಡಿಯುವುದು ಬಿಟ್ಟರೆ ಮೂರು ತಲೆಮಾರಿನಿಂದ ಮೊಣಕಾಲಾಚೆಗೆ ಅದರೊಳಗೆ ಯಾರೂ ಇಳಿದಿರಲಿಲ್ಲ. ಉಗ್ರಾಣಿ ಇಳಿದ. ಮೊಣಕಾಲು, ಸೊಂಟ, ಎದೆ. ದಡದಲ್ಲಿದ್ದವರು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡರು. ಅವನು ನೀರಿನ ಮೇಲೆ ಮಲಗಿದ, ಮುಳುಗಲಿಲ್ಲ. ಕೈ ಬೀಸಿದ, ನೀರು ದಾರಿ ಬಿಟ್ಟಿತು. ಎಳೆಯ ಬಿಸಿಲಲ್ಲಿ ಆ ಮುದುಕ ಕೆರೆಯ ನಡುವೆ ಹೋಗಿ, ಅಂಗಾತ ತಿರುಗಿ, ಆಕಾಶ ನೋಡುತ್ತ ತೇಲಿದ. ಅಂಥದ್ದೊಂದು ಇದೆಯೆಂದೇ ಊರಿಗೆ ಗೊತ್ತಿರಲಿಲ್ಲ.

ಸೂಲಗಿತ್ತಿ ಬಂದಳು. ತೋಳಿನಲ್ಲಿ ಬಟ್ಟೆ ಸುತ್ತಿದ ಕೂಸು. ದಡದಲ್ಲಿ ನಿಂತು ಅದನ್ನು ಎತ್ತಿ ಹಿಡಿದಳು.

"ಅಡ್ಡ ಇತ್ತಲ್ಲ, ಹೇಗೆ ಬಂತು?" ಎಂದು ಅವನು ನಡುನೀರಿನಿಂದ ಕೇಳಿದ.

"ತಲೆ ಮುಂದಾಗಿ ಬಂತು ಕಣಣ್ಣಾ," ಎಂದಳು.

ಅದನ್ನು ಕೇಳಿ ಅವನು ಮಗ್ಗುಲಾದ, ಬಗ್ಗಿದ, ತಲೆ ಮುಂದಾಗಿ ನೀರೊಳಗೆ ಹೋದ. ಉಂಗುರ ಉಂಗುರವಾಗಿ ಕೆರೆ ಬಿಚ್ಚಿಕೊಂಡು ದಡ ಮುಟ್ಟಿತು. ಕೂಸು ಕೂಡ ಅಳು ನಿಲ್ಲಿಸಿತು. ಎಣಿಸುವವರು ಎಣಿಸುವುದನ್ನು ಮರೆತರು. ಆಮೇಲೆ, ಯಾರೂ ನೋಡದಿದ್ದ ಕಡೆ, ನೀರು ಒಡೆದು ಒಂದು ಬಿಳಿತಲೆ ಹೊರಗೆ ಬಂತು.